ಕಾರು ಸಾಕುವ ಶೆಡ್ಡಿನಲ್ಲಿ ಎರಡು ಮಳೆಗಾಲ

ನಮ್ಮ ಮನೆ ಸುರತ್ಕಲ್‌ನಲ್ಲಿ. ಸಮುದ್ರ ಕೂಗಳತೆಯ ದೂರ. ಗೇಟಿಗೆ ಬಣ್ಣ ಬಳಿದು ಎರಡನೇ ಮಳೆಗಾಲ ಮುಗಿಯುವುದರೊಳಗೆ ಕೀಲಿನಿಂದ ಕೆಂಪು ನೀರು ಇಳಿಯಲು ಶುರುವಾಗ್ತದೆ. ವಾಷಿಂಗ್ ಮೆಶಿನಿನ ಅಡಿ, ಫ್ರಿಜ್ಜಿನ ಹಿಂಬದಿ, ಕಿಟಕಿಯ ಸರಳು, ಯಾವುದನ್ನೂ ಉಪ್ಪುಗಾಳಿ ಬಿಟ್ಟದ್ದಿಲ್ಲ. ಇಂಥ ಮನೆಯ ಪೋರ್ಚಿನಲ್ಲಿ 2023ರ ಮೇ ತಿಂಗಳಲ್ಲಿ ಮಗ ಒಂದು ಕಾರು ನಿಲ್ಲಿಸಿ ಅಬುಧಾಬಿಗೆ ಹೋದ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ, ಅಂದರೆ ಪೋಲೊದ್ದೇ ಜೋರು ಓಟದ ಮಾದರಿ, ಮೂರು ಬಾಗಿಲಿನದ್ದು. ಹೋಗುವಾಗ ಕೀಲಿಕೈ ನನ್ನ ಕೈಯಲ್ಲಿಟ್ಟು ಹೇಳಿದ: "ಅಮ್ಮ, ಇದನ್ನು ಕಾರು ಅಂತ ನೋಡ್ಬೇಡಿ. ಇನ್ವೆಸ್ಟ್‌ಮೆಂಟ್ ಅಂತ ನೋಡಿ."

ನಾನು ಬ್ಯಾಂಕಿನಲ್ಲಿ 37 ವರ್ಷ ದುಡಿದವಳು, ಅದರಲ್ಲಿ ಹನ್ನೊಂದು ವರ್ಷ ಚಿನ್ನದ ಸಾಲದ ಮೇಜಿನಲ್ಲಿ. ಜನ ತಂದಿಟ್ಟ ಕರಿಮಣಿ, ಬಳೆ, ಮುಗುಳು ಸರ ಇವನ್ನೆಲ್ಲ ತೂಗಿ, ಕಲ್ಲಿನ ತೂಕ ಕಳೆದು, ಇಂತಿಷ್ಟು ಎಂದು ಬರೆದವಳಿಗೆ ಇನ್ವೆಸ್ಟ್‌ಮೆಂಟ್ ಎಂಬ ಶಬ್ದ ಕಿವಿಗೆ ಬಿದ್ದರೆ ಕೈ ತನ್ನಿಂದ ತಾನೇ ಪೆನ್ನು ಹುಡುಕ್ತದೆ. ಹಾಗಾಗಿ ಈ ವಿಮರ್ಶೆ ಎರಡು ವಿಷಯದ್ದು. ಒಂದು, ಕಾರನ್ನು ಎರಡು ಮಳೆಗಾಲ ಇಟ್ಟುಕೊಂಡ ಶೆಡ್ಡು ಹೇಗುಂಟು. ಇನ್ನೊಂದು, ಆ ಶೆಡ್ಡಿನ ಯಜಮಾನರೂ ನನ್ನ ಮಗನೂ ಒಂದೇ ರಾಗದಲ್ಲಿ ಹಾಡುವ "ಅಪರೂಪದ ಕಾರು ಚಿನ್ನದ ಹಾಗೆ" ಎಂಬ ಪದ್ಯ ಎಷ್ಟು ಸರಿ. ಶೆಡ್ಡಿನ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ಇಲಿಯ ಕತೆ ಬಂದಾಗ ನಿಮಗೇ ಗೊತ್ತಾಗ್ತದೆ.

ಮೊದಲ ತಿಂಗಳು ಕಾರು ಮನೆಯಲ್ಲೇ ಇತ್ತು. ಜೂನ್ ಮೂರನೇ ವಾರ ಬಾಗಿಲು ತೆಗೆದು ನೋಡಿದರೆ ಸ್ಟೀರಿಂಗ್ ಮೇಲೆ ತೆಳ್ಳಗೆ ಬೂದಿ ಚೆಲ್ಲಿದ ಹಾಗೆ ಬೂಷ್ಟು. ಸೀಟ್ ಬೆಲ್ಟ್ ಎಳೆದರೆ ಒಳಗಿನಿಂದ ಹಸಿರು ಚುಕ್ಕೆ. ಆ ಕಾರಿನ ಸೀಟಿಗೆ ಕೆಂಪು, ಕಪ್ಪು, ಬೂದು ಬಣ್ಣದ ಚೌಕುಳಿ ಬಟ್ಟೆ. ಜಿಟಿಐ ಎಂದರೆ ಅದೇ ಗುರುತಂತೆ. ನನಗೆ ಕಂಡದ್ದು ಮಳೆಗಾಲದಲ್ಲಿ ಒಣಗದೆ ಮುಗ್ಗಲು ಹಿಡಿದ ಲುಂಗಿ. ಬ್ರೇಕ್ ಡಿಸ್ಕ್ ಪೂರ್ತಿ ಅರಸಿನ ಬಣ್ಣ. ಫೋಟೋ ತೆಗೆದು ಮಗನಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಈ ಶೆಡ್ಡಿನ ನಂಬರ್ ಬಂತು.

ಶೆಡ್ಡು ಇರುವುದು ವಾಮಂಜೂರಿನಿಂದ ಗುರುಪುರದ ಕಡೆಗೆ ಹೋಗುವಾಗ ಒಳರಸ್ತೆಯಲ್ಲಿ, ಹಿಂದೆ ಹಂಚಿನ ಕಾರ್ಖಾನೆಯಾಗಿದ್ದ ಜಾಗ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚು ಸುಡಲು ಶುರು ಮಾಡಿದ ಮೇಲೆ ನೇತ್ರಾವತಿ, ಗುರುಪುರ ನದಿಗಳ ಬದಿಯಲ್ಲಿ ಎಷ್ಟು ಕಾರ್ಖಾನೆಗಳು ಹುಟ್ಟಿದವೋ, ಈಗ ಹೆಚ್ಚಿನವು ಮದುವೆ ಹಾಲ್ ಅಥವಾ ಫ್ಲ್ಯಾಟ್. ಇದೊಂದು ಕಾರು ಸಾಕುವ ಜಾಗ ಆಗಿದೆ. ಎತ್ತರದ ಹಂಚಿನ ಮಾಡು, ಅದರ ಕೆಳಗೆ ಹಲಗೆಯ ಮುಚ್ಚಿಗೆ, ಗೋಡೆ ಕೆಂಪುಕಲ್ಲಿನದ್ದು. ತಗಡಿನ ಶೆಡ್ಡಿನ ಹಾಗೆ ಬೆವರುವುದಿಲ್ಲ. ಸಮುದ್ರದಿಂದ ಒಳಗೆ ಇರುವುದರಿಂದ ಉಪ್ಪು ಕಮ್ಮಿ. ನಾನು ಹೋದ ದಿನ ಹೊರಗೆ ಜಡಿಮಳೆ. ಗೋಡೆಯಲ್ಲಿ ತೂಗುಹಾಕಿದ ತೇವಮಾಪಕ ಶೇ 56 ತೋರಿಸ್ತಿತ್ತು. ಅದೇ ಥರದ್ದೊಂದನ್ನು ಆಮೇಲೆ ತಂದು ನಮ್ಮ ಮನೆಯ ಹಾಲ್‌ನಲ್ಲಿಟ್ಟೆ: 91. ಗಾಳಿಯ ತೇವ 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ಏರುವ ವೇಗ ಜೋರಾಗ್ತದೆ, ಅದಕ್ಕೆ ಉಪ್ಪು ಸೇರಿದರೆ ಕೇಳುವುದೇ ಬೇಡ. ಆ 56ಕ್ಕೆ ಕಾರಣ ಮೂಲೆಯಲ್ಲಿ ಗುಂಯ್ ಎನ್ನುವ ಮೂರು ದೊಡ್ಡ ತೇವ ಹೀರುವ ಯಂತ್ರಗಳು. ದಿನಕ್ಕೆ ಎಷ್ಟು ನೀರು ಬರ್ತದೆ ಎಂದು ಕೇಳಿದೆ. ಕೆಲಸದ ಹುಡುಗ ತುಂಬಿದ ಬಕೆಟ್ ತೋರಿಸಿ, "ಬೆಳಿಗ್ಗಿಂದ ಇದು ನಾಲ್ಕನೇದು ಅಕ್ಕ" ಎಂದ.

ಒಳಗೆ ಇಪ್ಪತ್ತಮೂರು ಕಾರು. ಹೆಚ್ಚಿನವು ಗಲ್ಫಿನಲ್ಲಿ ಇರುವವರದ್ದು. ಒಂದು ಹಳದಿ ಪಾಲಿಯೊ, ಎರಡು ಒಕ್ಟಾವಿಯಾ ಆರ್‌ಎಸ್, ಬೊನೆಟ್ ಮೇಲೆ ಚೇಳಿನ ಗುರುತಿರುವ ಒಂದು ಅಬಾರ್ಥ್ ಪುಂಟೊ. ಎಲ್ಲದಕ್ಕೂ ಹತ್ತಿ ಬಟ್ಟೆಯ ಮುಸುಕು. ಪ್ಲಾಸ್ಟಿಕ್ ಟಾರ್ಪಾಲು ಹಾಕಿದರೆ ಒಳಗೇ ಬೆವರಿ ಬಣ್ಣ ಗುಳ್ಳೆ ಏಳ್ತದೆ ಎನ್ನುವುದು ಇವರಿಗೆ ಗೊತ್ತುಂಟು, ಒಳ್ಳೇದು.

ಕಾರು ಒಪ್ಪಿಸಿಕೊಂಡ ರೀತಿ ಚಂದ. ಮೊದಲು ತೊಳೆದು, ಅಡಿಭಾಗಕ್ಕೆ ಸಿಹಿನೀರು ಹೊಡೆದು, ಒಂದು ದಿನ ಒಣಗಿಸಿದರು. ಸುತ್ತ 42 ಫೋಟೋ. ಟೈರಿಗೆ ಗಾಳಿ ಮಾಮೂಲಿಗಿಂತ ಹೆಚ್ಚು, 40ಕ್ಕೆ ಏರಿಸಿದರು. ಒಂದೇ ಕಡೆ ನಿಂತು ಚಪ್ಪಟೆ ಆಗದ ಹಾಗೆ. ಟ್ಯಾಂಕ್ ಪೂರ್ತಿ ತುಂಬಿಸಲು ಹೇಳಿದರು, ಖಾಲಿ ಜಾಗ ಇದ್ದರೆ ಅಲ್ಲಿ ತೇವ ಕೂರ್ತದೆ. ಈಗ ಬಂಕಿನಲ್ಲಿ ಸಿಗುವುದೇ ಎಥನಾಲ್ ಬೆರೆಸಿದ ಪೆಟ್ರೋಲ್, ಎಥನಾಲ್‌ಗೆ ನೀರು ಎಂದರೆ ಬಲು ಪ್ರೀತಿ. ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ, ಚಕ್ರಕ್ಕೆ ಮರದ ತುಂಡು ಕೊಟ್ಟರು. ಎಳೆದಿಟ್ಟರೆ ಮಳೆಗಾಲ ಮುಗಿಯುವಾಗ ಪ್ಯಾಡು ಡಿಸ್ಕಿಗೆ ಕಚ್ಚಿ ಬಿಡ್ತದಂತೆ. ಬ್ಯಾಟರಿಗೆ ಸಣ್ಣ ಚಾರ್ಜರ್, ಹಸಿರು ದೀಪ ಮಿಣುಕುವಂಥದ್ದು. ಹದಿನೈದು ದಿನಕ್ಕೊಮ್ಮೆ ಅರ್ಧ ಸುತ್ತು ಚಕ್ರ ತಿರುಗಿಸುವುದು, ತಿಂಗಳಿಗೊಮ್ಮೆ 20 ಕಿಲೋಮೀಟರ್ ಓಡಿಸಿ ತರುವುದು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಮಾಡದೇ ಇರುವುದಕ್ಕಿಂತ ಕೆಟ್ಟದು. ಇಂಜಿನ್ ಸರಿಯಾಗಿ ಬಿಸಿಯಾಗದೆ ಒಳಗಿನ ಹಬೆ ಆಯಿಲಿಗೂ ಸೈಲೆನ್ಸರಿಗೂ ನೀರಾಗಿ ಇಳೀತದೆ. ನಮ್ಮ ಊರಲ್ಲಿ ಗಲ್ಫಿನವರ ಮನೆಯ ಅಜ್ಜಂದಿರೆಲ್ಲ ಭಾನುವಾರ ಬೆಳಿಗ್ಗೆ ಮಾಡುವುದು ಅದನ್ನೇ.

ಬಾಡಿಗೆ ತಿಂಗಳಿಗೆ 6,500. ಜಿಎಸ್‌ಟಿ ಸೇರಿ 7,670. ಚೌಕಾಸಿಗೆ ಜಾಗ ಇಲ್ಲ, ನಾನು ನೋಡಿದ್ದೇನೆ.

ಇನ್ನು ತಕರಾರು. ತಿಂಗಳಿಗೊಮ್ಮೆ ಓಡಿಸುವುದಕ್ಕೆ ಒಂದು ರಿಜಿಸ್ಟರ್ ಉಂಟು. ಆರು ತಿಂಗಳಾದ ಮೇಲೆ ಹೋಗಿ ಕೇಳಿದೆ. ಕೊಟ್ಟರು. ತಾರೀಕು, ಹೊರಟ ಹೊತ್ತು, ಬಂದ ಹೊತ್ತು, ಕಿಲೋಮೀಟರ್, ಸಹಿ, ಎಲ್ಲ ಚೊಕ್ಕ. ಅತೀ ಚೊಕ್ಕ! ಆರು ತಿಂಗಳ ಸಾಲುಗಳೂ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ. ಮೂರನೇ ಸಾಲಿನಲ್ಲಿ ಶಾಯಿ ತೆಳುವಾಗುತ್ತಾ ಬಂದು, ಐದನೇ ಸಾಲಿನಲ್ಲಿ ಗೀಚಿ ಗೀಚಿ ಮತ್ತೆ ಸರಿಯಾಗಿದೆ. ತನಿಖೆಗೆ ಹೋದ ಶಾಖೆಗಳಲ್ಲಿ ಇಂಥ ಪುಸ್ತಕ ಎಷ್ಟು ನೋಡಿಲ್ಲ ನಾನು. ಹುಡುಗನನ್ನು ಕರೆದು ಕಾರಿನ ಮೀಟರ್ ತೋರಿಸಪ್ಪ ಎಂದೆ. ಒಪ್ಪಿಸುವಾಗ 9,812. ಪುಸ್ತಕದ ಪ್ರಕಾರ 9,932 ಆಗಬೇಕಿತ್ತು. ಮೀಟರಿನಲ್ಲಿ 9,831. ಹುಡುಗ ನೆಲ ನೋಡಿದ. ಯಜಮಾನರು ಮಾತ್ರ ನನ್ನ ಮುಖ ನೋಡಿ ನಕ್ಕು, "ಮೇಡಂ, ಕಮ್ಮಿ ಓಡಿದಷ್ಟು ನಿಮಗೇ ಲಾಭ ಅಲ್ವಾ?" ಎಂದರು. ಅವತ್ತಿನಿಂದ ಪ್ರತಿ ತಿಂಗಳು ಹೊರಡುವ ಮೊದಲು ಒಂದು, ಬಂದ ಮೇಲೆ ಒಂದು ಮೀಟರಿನ ಫೋಟೋ ನನ್ನ ಮೊಬೈಲಿಗೆ ಬರಬೇಕೆಂದು ಕಟ್ಟು ಮಾಡಿದೆ. ಆಮೇಲೆ ಬರ್ತಾ ಇತ್ತು.

ಎರಡನೆಯದ್ದು ಇಲಿ. 2024ರ ಆಗಸ್ಟ್. ಕರೆ ಬಂತು, ಕಾರು ಸ್ಟಾರ್ಟ್ ಆಗ್ತಿಲ್ಲ. ಹೋಗಿ ಬೊನೆಟ್ ಎತ್ತಿದರೆ ಇಂಜಿನಿನ ಮೇಲೆ ಒಣ ಎಲೆ, ತೆಂಗಿನ ನಾರು, ಯಾರದೋ ಬಿಸ್ಕತ್ತಿನ ಕಾಗದ. ಹೆಗ್ಗಣ ಬಾಣಂತನಕ್ಕೆ ಕೋಣೆ ಮಾಡಿಕೊಂಡಿತ್ತು. ವಯರಿನ ಗೊಂಚಲನ್ನು ಎರಡು ಕಡೆ ಕಡಿದು ಹಾಕಿತ್ತು, ತಾಮ್ರ ಹಲ್ಲು ಕಿರಿದ ಹಾಗೆ ಕಾಣ್ತಿತ್ತು. ರಿಪೇರಿ 38,000, ಸಾಮಾನು ಬರಲು ಏಳು ವಾರ. ಯಜಮಾನರು ಕರಾರಿನ ಹನ್ನೊಂದನೇ ಕಲಮು ತೋರಿಸಿದರು: "ಕ್ರಿಮಿ ಕೀಟ ಹಾಗೂ ಪ್ರಾಣಿಗಳಿಂದಾಗುವ ಹಾನಿಗೆ ಸಂಸ್ಥೆ ಜವಾಬ್ದಾರಿಯಲ್ಲ." ಊರಿಗೆಲ್ಲ ಸಣ್ಣಕ್ಷರ ಓದಿ ಸಹಿ ಹಾಕಿ ಎಂದು ಹೇಳಿದವಳು ನಾನು, ನನ್ನ ಸಹಿ ಅದರ ಕೆಳಗೇ ಉಂಟು. ನಾಚಿಕೆ ಆಯ್ತು. ಆದರೆ ಸುಮ್ಮನಿರಲಿಲ್ಲ. 1872ರ ಕರಾರು ಕಾಯ್ದೆಯ 151ನೇ ಕಲಮಿನ ಪ್ರಕಾರ, ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡವನು ಸಾಮಾನ್ಯ ವಿವೇಕ ಇರುವ ಮನುಷ್ಯ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ಮಾಡಬೇಕು. ಬಿಸ್ಕತ್ತಿನ ಕಾಗದವನ್ನು ಮೇಜಿನ ಮೇಲಿಟ್ಟು, "ಇದು ನಿಮ್ಮ ಹುಡುಗರದ್ದೇ ಅಲ್ವಾ?" ಎಂದು ಕೇಳಿದೆ. ವಿಮೆಗೆ ಹಾಕಿದರೆ ನನ್ನ ನೋ ಕ್ಲೇಮ್ ಬೋನಸ್ ಹೋಗ್ತದೆ, ಅದು ಬೇರೆ ನಷ್ಟ. ಒಂದು ಗಂಟೆ ಮಾತು, ಎರಡು ಲೋಟ ಚಾ. ಅರ್ಧ ಅವರು ಕೊಟ್ಟರು. ಈಗ ಶೆಡ್ಡಿನೊಳಗೆ ತಿಂಡಿ ತರುವಂತಿಲ್ಲ, ಎರಡು ಬೆಕ್ಕು ಸಾಕಿದ್ದಾರೆ. ಬೆಕ್ಕುಗಳಿಗೆ ಕಾರಿನ ಮುಸುಕಿನ ಮೇಲೆ ಮಲಗುವ ಚಟ. ಅದಕ್ಕೆ ಹನ್ನೆರಡನೇ ಕಲಮು ಬರೀತಾರೋ ಏನೋ.

ಇಷ್ಟು ಶೆಡ್ಡಿನ ಕತೆ. ನನಗೆ ನಿಜವಾಗಿ ಜಗಳ ಇರುವುದು ಅವರ ಬಾಯಿಮಾತಿನ ಜೊತೆ. ಆಫೀಸಿನ ಗೋಡೆಯಲ್ಲಿ ಒಂದು ಮೆಕ್ಲಾರೆನ್ ಎಫ್‌1 ಎಂಬ ಬ್ರಿಟಿಷ್ ಕಾರಿನ ದೊಡ್ಡ ಚಿತ್ರ. ಬಂದವರಿಗೆಲ್ಲ ಅದರ ಪುರಾಣ. ಪುರಾಣ ಸುಳ್ಳಲ್ಲ, ನಾನು ತಿರುಗಿಸಿ ಮುರುಗಿಸಿ ನೋಡಿದೆ. ತೊಂಬತ್ತರ ದಶಕದಲ್ಲಿ ಹೊಸತಾಗಿ ಐದು ಲಕ್ಷ 40 ಸಾವಿರ ಪೌಂಡಿಗೆ ಮಾರಿದ ಕಾರು. 2021ರಲ್ಲಿ ಅಮೆರಿಕದ ಪೆಬಲ್ ಬೀಚ್‌ನ ಹರಾಜಿನಲ್ಲಿ ಒಂದು ಎರಡು ಕೋಟಿ ಡಾಲರಿಗೂ ಮೇಲೆ ಹೋಯ್ತು, ಆಗಿನ ಲೆಕ್ಕದಲ್ಲಿ ನೂರೈವತ್ತು ಕೋಟಿ ರೂಪಾಯಿ. ಆ ಕಾರು 400 ಕಿಲೋಮೀಟರ್ ಕೂಡ ಓಡಿರಲಿಲ್ಲ. ಮಗನ ತಲೆಗೆ "ಓಡಿಸಬಾರದು" ಎಂಬ ಭೂತ ಹಿಡಿದದ್ದು ಇಲ್ಲಿಂದಲೇ. ಅದರ ಇಂಜಿನಿನ ಗೂಡಿಗೆ ಒಳಗಿನಿಂದ ಚಿನ್ನದ ಹಾಳೆ ಹೊದೆಸಿದ್ದಾರಂತೆ, ಶಾಖವನ್ನು ಹಿಂದಕ್ಕೆ ತಳ್ಳಲು ಚಿನ್ನದಷ್ಟು ಒಳ್ಳೆಯದ್ದು ಕಮ್ಮಿ. ಒಂದು ಕಾರಿಗೆ ಸುಮಾರು 16 ಗ್ರಾಂ. ಎರಡು ಪವನು! ಇಷ್ಟು ಹೊತ್ತು ಆಕಳಿಸುತ್ತಾ ಕೇಳುತ್ತಿದ್ದ ನಾನು ಅದನ್ನು ಕೇಳಿ ಎದ್ದು ಕೂತೆ.

ಆದರೆ ಮಾರಾಯ್ರೆ, ಅದನ್ನು ಒಟ್ಟು ಕಟ್ಟಿದ್ದೇ 106. ರಸ್ತೆಯಲ್ಲಿ ಓಡಲೆಂದು ಮಾಡಿದ್ದು 64. 1995ರಲ್ಲಿ ಲ ಮಾನ್‌ನ 24 ಗಂಟೆಯ ರೇಸನ್ನು ಅದು ಗೆದ್ದಿದೆ. ವರ್ಷಗಟ್ಟಲೆ ಲೋಕದಲ್ಲೇ ಅತಿ ವೇಗದ ಕಾರು. ಆ ಹೊತ್ತಿಗೆ ಹತ್ತು ಹನ್ನೆರಡು ವರ್ಷದವರಾಗಿದ್ದ ಮಕ್ಕಳು ಅದರ ಪೋಸ್ಟರ್ ಗೋಡೆಗೆ ಹಚ್ಚಿ ಬೆಳೆದು, ಈಗ ದುಡ್ಡು ಮಾಡಿದ್ದಾರೆ. ಬೆಲೆ ಏರಿದ್ದು ಇದೆಲ್ಲ ಒಂದರ ಮೇಲೊಂದು ಕೂತು. ಸಂಖ್ಯೆ ಕಮ್ಮಿ ಇದ್ದದ್ದು ಅದರಲ್ಲಿ ಒಂದು ಪಾಲು ಮಾತ್ರ.

ಶೆಡ್ಡಿನ ಗೋಡೆಯಲ್ಲಿ ಇಲ್ಲದ ಚಿತ್ರ ಜಾಗ್ವಾರ್ ಎಕ್ಸ್‌ಜೆ220ರದ್ದು. 1988ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಪ್ರದರ್ಶನದಲ್ಲಿ ಅದನ್ನು ಇಟ್ಟಾಗ ಜನ 50 ಸಾವಿರ ಪೌಂಡ್ ಮುಂಗಡ ಕಟ್ಟಿ ಹೆಸರು ಬರೆಸಿದರು. ಕಾರು ಕೈಗೆ ಸಿಕ್ಕಿದ ಮರುದಿನ ಲಾಭಕ್ಕೆ ಮಾರುವ ಲೆಕ್ಕ ಹಾಕಿದವರು ಅವರಲ್ಲಿ ಕಮ್ಮಿ ಇರಲಿಲ್ಲ. ಆಗ ಹಳೆಯ ಫೆರಾರಿಗಳ ಬೆಲೆ ತಿಂಗಳಿಂದ ತಿಂಗಳಿಗೆ ಹಾರುತ್ತಿದ್ದ ಕಾಲ. ಕಾರು ತಯಾರಾಗಿ ಬಂದದ್ದು 1992ಕ್ಕೆ. ಅಷ್ಟರೊಳಗೆ ಬೆಲೆ 4 ಲಕ್ಷ 70 ಸಾವಿರ ಪೌಂಡಿಗೆ ಏರಿತ್ತು, ಹೇಳಿದ್ದ ಹನ್ನೆರಡು ಸಿಲಿಂಡರಿನ ಇಂಜಿನ್ ಹೋಗಿ ಆರು ಸಿಲಿಂಡರ್ ಬಂದಿತ್ತು, ದೇಶಕ್ಕೆ ದೇಶವೇ ಹಿಂಜರಿತದಲ್ಲಿ ಕೂತಿತ್ತು. ಮುಂಗಡ ಕಟ್ಟಿದವರು ಬಿಡಿಸಿಕೊಳ್ಳಲು ಕೋರ್ಟಿಗೆ ಹೋದರು. ಕಟ್ಟಿದ್ದು ಮುನ್ನೂರರ ಒಳಗೆ, ವೇಗದಲ್ಲಿ ಆಗ ಅದನ್ನು ಮೀರಿಸುವುದಿರಲಿಲ್ಲ, ಆದರೂ ಕೇಳುವವರಿಲ್ಲ. ಬೆಲೆ ಚೇತರಿಸಿಕೊಳ್ಳಲು ಇಪ್ಪತ್ತು ವರ್ಷದ ಮೇಲೆ ಬೇಕಾಯ್ತು. ಈ ಕತೆ ಹೇಳಿದರೆ ಯಜಮಾನರು ಫೋನ್ ಬಂತು ಎಂದು ಎದ್ದು ಹೋಗ್ತಾರೆ.

ದೂರದ್ದು ಬಿಡಿ. ನಮ್ಮ ಬ್ಯಾಂಕಿನಲ್ಲಿ ಒಬ್ಬ ಕ್ಲರ್ಕ್ ಇದ್ದರು, ರಾಜ್‌ದೂತ್ 350 ಇತ್ತು ಅವರಲ್ಲಿ. ಯಮಹಾದ ಇಂಜಿನ್, 1983ರಲ್ಲಿ ಬಂದದ್ದು. ಬೈಕು ಅಂಗಳಕ್ಕೆ ಬಂದರೆ ಕ್ಯಾಶ್ ಕೌಂಟರಿನ ಗಾಜು ನಡುಗ್ತಿತ್ತು. ಪೆಟ್ರೋಲು ಕುಡಿದು ಕುಡಿದು ಮನೆಯಲ್ಲಿ ಜಗಳವಾಗಿ 1994ರಲ್ಲಿ ಎಂಟು ಸಾವಿರಕ್ಕೆ ಕೊಟ್ಟುಬಿಟ್ಟರು. ಈಗ ಸರಿಯಾಗಿ ಉಳಿದ ಅಂಥದ್ದೊಂದಕ್ಕೆ ಲಕ್ಷಗಟ್ಟಲೆ ಹೇಳ್ತಾರೆ. ಹೊಸತಿದ್ದಾಗ ಕೊಳ್ಳುವವರಿಲ್ಲದ ಬೈಕು ಅದು! ಆ ಕಾಲದ ಕಾಲೇಜು ಹುಡುಗರು ನೋಡಿ ಜೊಲ್ಲು ಸುರಿಸಿದ್ದು, ಅಪ್ಪಂದಿರು ಕೊಡಿಸದೇ ಇದ್ದದ್ದು, ಅವರಿಗೇ ಐವತ್ತು ದಾಟಿದ ಮೇಲೆ ಈಗ ಹುಚ್ಚು ಕೆದರಿದ್ದು. ಅದಕ್ಕೆ ಮೂವತ್ತು ವರ್ಷ ಹಿಡಿದಿದೆ. ಆ ಮೂವತ್ತು ವರ್ಷ ಬೈಕನ್ನು ಮಳೆಯಿಂದ ಕಾದವರು ಎಷ್ಟು ಜನ?

ಈಗ ನಮ್ಮ ಕಾರಿಗೆ ಬರುವ. ಮಗನ ಮುಖ್ಯ ವಾದ, "ಇಡೀ ದೇಶಕ್ಕೆ ತಂದದ್ದೇ 99." ಸರಿ. 2016ರ ನವೆಂಬರಿನಲ್ಲಿ ಬಿಟ್ಟಾಗ ಶೋರೂಮ್ ಬೆಲೆ 25.99 ಲಕ್ಷ. ಪೋಲೊಗೆ ಅಷ್ಟಾ ಎಂದು ಜನ ಬಾಯಿ ಮೇಲೆ ಬೆರಳಿಟ್ಟರು. ಮರುವರ್ಷ ಅದನ್ನೇ 19.99 ಲಕ್ಷಕ್ಕೆ ಇಳಿಸಿದರು. ಇವನು ಕೊಂಡದ್ದು ಆಗಲೇ. ಕೊಳ್ಳುವವರು ಸಾಲುಗಟ್ಟಿದ್ದರೆ ಆರು ಲಕ್ಷ ಯಾರು ಬಿಡ್ತಾರೆ? ಮತ್ತೆ ಆ 99 ನಮ್ಮ ದೇಶದ ಲೆಕ್ಕ ಮಾತ್ರ. ಹೊರಗಿನ ದೇಶಗಳಲ್ಲಿ ಈ ಕಾರು ಧಾರಾಳ ಓಡ್ತದೆ. ಅಪರೂಪ ಆದದ್ದು ಆಮದಿನಿಂದ. ಒಂದು ಉಪಕಾರ ಉಂಟು, ಸಾಮಾನು ತಡವಾದರೂ ಸಿಗ್ತದೆ. ನಿಜವಾಗಿ ಅಪರೂಪದ ಕಾರಿನ ಧಣಿಗಳು ಒಂದು ಹೆಡ್‌ಲೈಟಿಗೆ ಎರಡು ವರ್ಷ ಕಾಯ್ತಾರೆ.

ಜಪಾನಿನ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಉದಾಹರಣೆಯನ್ನೂ ಮಗ ಕೊಡ್ತಾನೆ. ಅಲ್ಲಿ ನಡೆದದ್ದು ಬೇರೆ. ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರನ್ನು ಅವರ ಸುರಕ್ಷತಾ ನಿಯಮಗಳ ತಲೆನೋವಿಲ್ಲದೆ ತರಿಸಬಹುದು. 1999ರ ಆರ್34 ಎಂಬ ಸ್ಕೈಲೈನ್ ಮಾದರಿಗೆ ಆ ಬಾಗಿಲು ತೆರೆದದ್ದು 2024ರಲ್ಲಿ. ಒಂದು ದೊಡ್ಡ ಸಿರಿವಂತ ದೇಶ ಒಮ್ಮೆಲೇ ಗಿರಾಕಿಯಾಗಿ ನಿಂತರೆ ಬೆಲೆ ಹಾರದೆ ಇರ್ತದಾ? ಕೆಎ-19 ನಂಬರಿನ ಪೋಲೊಗೆ ಅಂಥ ಬಾಗಿಲು ಎಲ್ಲಿಯದ್ದು. ನಮ್ಮಲ್ಲಿ 2021ರಿಂದ ವಿಂಟೇಜ್ ಎಂದು ನೋಂದಾಯಿಸುವ ವ್ಯವಸ್ಥೆ ಬಂದಿದೆ, ಆದರೆ ಅದಕ್ಕೆ ಕಾರಿಗೆ 50 ವರ್ಷ ತುಂಬಬೇಕು. ನಮ್ಮದಕ್ಕೆ ಆ ಭಾಗ್ಯ 2067ಕ್ಕೆ, ನನಗೆ ಆಗ 105. ಅದಕ್ಕಿಂತ ಮೊದಲು, 2032ಕ್ಕೆ ಹದಿನೈದು ವರ್ಷ ತುಂಬಿ, ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಯಲ್ಲಿ ತಪಾಸಣೆಗೆ ನಿಲ್ಲಿಸುವುದುಂಟು.

ನನ್ನ ಪುಸ್ತಕದಲ್ಲಿ ಎರಡು ವರ್ಷದ ಖರ್ಚು ಹೀಗುಂಟು. ಬಾಡಿಗೆ 1,84,080. ವಿಮೆ 52,000. ಬ್ಯಾಟರಿ 9,800. ಟೈರು ನಾಲ್ಕಕ್ಕೆ 46,000. ಟೈರು ಯಾಕೆ, ಹತ್ತು ಸಾವಿರ ಕಿಲೋಮೀಟರ್ ಕೂಡ ಓಡದೆ? ಅದನ್ನೇ ನಾನೂ ಕೇಳಿದೆ. ಹುಡುಗ ಟಾರ್ಚ್ ಹಾಕಿ ಟೈರಿನ ಬದಿಯಲ್ಲಿ ನಾಲ್ಕು ಅಂಕಿ ತೋರಿಸಿದ: 2316. ಅಂದರೆ 2016ರ 23ನೇ ವಾರ ಹುಟ್ಟಿದ್ದು. ಪಟ್ಟಿ ಹೊಸದರ ಹಾಗೇ ಉಂಟು, ಆದರೆ ಬೆರಳು ಒತ್ತಿದರೆ ರಬ್ಬರಿನ ಬದಿ ತುಂಬ ಕೂದಲೆಳೆಯಂಥ ಬಿರುಕು. ಇಲಿಯಲ್ಲಿ ನನ್ನ ಪಾಲು 19,000. ಒಟ್ಟು 3,10,880. ಕಾರು ಶೆಡ್ಡಿಗೆ ಬಿಡುವ ಮೊದಲು ಬೆಂಗಳೂರಿನ ಒಬ್ಬರು 16 ಲಕ್ಷ ಹೇಳಿದ್ದರು. ಮೊನ್ನೆ ಅವರೇ ಮತ್ತೆ ಕೇಳಿದ್ದು 17ಕ್ಕೆ. ಬೇರೆ ಮಾಮೂಲಿ ಕಾರಾದರೆ ಈ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಇಳಿದಿರ್ತಿತ್ತು, ಇದು ನಿಂತಿದೆ, ಚೂರು ಏರಿದೆ ಕೂಡ, ಅದನ್ನು ಒಪ್ಪುತ್ತೇನೆ. ಆದರೆ ಒಂದು ಲಕ್ಷ ಏರಿಸಲು ಮೂರು ಲಕ್ಷ ಸುರಿದದ್ದನ್ನು ಯಾವ ಖಾತೆಗೆ ಬರೆಯಲಿ?

2017ರಲ್ಲಿ ತೆರಿಗೆ ಎಲ್ಲ ಸೇರಿ ಅವನು ಕೊಟ್ಟದ್ದು 24 ಲಕ್ಷ. ನಮ್ಮ ಕೌಂಟರಿನಲ್ಲೇ ಠೇವಣಿ ಇಟ್ಟಿದ್ದರೆ, ಬಡ್ಡಿ ಸರಾಸರಿ ಶೇ 6.5 ಎಂದು ಹಿಡಿದರೂ, ಇವತ್ತು 40 ಲಕ್ಷದ ಆಸುಪಾಸು. ಚಿನ್ನದ ಲೆಕ್ಕ ಹಾಕಬಾರದಿತ್ತು, ಹಾಕಿದೆ. ಅವತ್ತು ಹತ್ತು ಗ್ರಾಂಗೆ 30 ಸಾವಿರದ ಹತ್ತಿರ. 2025ರ ಅಕ್ಟೋಬರಿನಲ್ಲಿ ಒಂದು ಲಕ್ಷ 20 ಸಾವಿರ ದಾಟಿತು. 800 ಗ್ರಾಂ, ಅಂದರೆ 96 ಲಕ್ಷ. ಚಿನ್ನಕ್ಕೆ ಇಲಿ ಹತ್ತುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ, ಲಾಕರ್ ಬಾಡಿಗೆ ವರ್ಷಕ್ಕೆ ಕೆಲವು ಸಾವಿರ. ಈ ಹಾಳೆಯನ್ನು ಮಗನಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ರಾತ್ರಿ ಬಂತು: "ಚಿನ್ನವನ್ನು ಮೂಡುಬಿದಿರೆಗೆ ಓಡಿಸ್ಲಿಕ್ಕೆ ಆಗ್ತದಾ ಅಮ್ಮ?"

ಅವನಿಗೆ ಹೇಗೆ ಗೊತ್ತಾಯ್ತೋ! ನಿಜ ಹೇಳ್ತೇನೆ. ತಿಂಗಳಿನ ಆ 20 ಕಿಲೋಮೀಟರನ್ನು ಈಗ ನಾನೇ ಓಡಿಸುವುದು. ಎರಡನೇ ಶನಿವಾರ, ಬ್ಯಾಂಕ್ ರಜೆಯ ದಿನದ ಅಭ್ಯಾಸ ಇನ್ನೂ ಹೋಗಿಲ್ಲ. ಮೊದಲ ಸಲ ಹುಡುಗನೇ ಪಕ್ಕದಲ್ಲಿ ಕೂತಿದ್ದ. ನನ್ನದು ಮನೆಯಲ್ಲಿ ಹಳೆಯ ಆಲ್ಟೊ. ಆಕ್ಸಿಲರೇಟರ್ ಎಂದರೆ ಒತ್ತಿ ಕಾಯುವ ವಸ್ತು ಎಂದು ತಿಳಿದವಳು. ಗುರುಪುರ ಸೇತುವೆ ದಾಟಿ ಕೈಕಂಬದ ನಂತರ ರಸ್ತೆ ಖಾಲಿ ಕಂಡಿತು, ಆಲ್ಟೊಗೆ ಒತ್ತುವಷ್ಟೇ ಒತ್ತಿದೆ. 192 ಕುದುರೆ ಎಂದು ಮಗ ಹೇಳುವಾಗ ಅದು ಬರೀ ಅಂಕಿಯಾಗಿತ್ತು. ಬೆನ್ನು ಆ ಚೌಕುಳಿ ಸೀಟಿಗೆ ಹೋಗಿ ಅಂಟಿತು, ಕನ್ನಡಕ ಮೂಗಿನಿಂದ ಮೇಲೆ ಸರಿಯಿತು, ಹುಡುಗ ಬಾಗಿಲಿನ ಹಿಡಿ ಹಿಡಿದು "ಅಕ್ಕಾ" ಎಂದು ಉದ್ದಕ್ಕೆ ಎಳೆದ. ಎದುರಿನ ಬಸ್ಸಿನವ ಹಾರ್ನ್ ಹೊಡೆದು ದಾರಿ ಕೇಳುವ ಬದಲು ದಾರಿ ಬಿಟ್ಟ. ನಮ್ಮ ಜಿಲ್ಲೆಯ ಖಾಸಗಿ ಬಸ್ಸುಗಳನ್ನು ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. 20 ಹೋಗಿ ಅವತ್ತು 46 ಕಿಲೋಮೀಟರ್ ಆಯ್ತು. ಮೂಡುಬಿದಿರೆಯಲ್ಲಿ ಗೋಳಿಬಜೆ ತಿಂದು ಬಂದೆವು, ಕಾರಿನಿಂದ ಹೊರಗೆ ನಿಂತು.

ನಮ್ಮ ಕಡೆ ಕಂಬಳದ ಕೋಣ ಸಾಕುವ ಮನೆಗಳುಂಟು. ಕೋಣಕ್ಕೆ ಎಣ್ಣೆ ತಿಕ್ಕಲು ಆಳು, ಬೇಯಿಸಿದ ಹುರುಳಿ, ಈಜಲು ಕೆರೆ, ಕೊಟ್ಟಿಗೆಗೆ ಫ್ಯಾನು. ಅವರ ಹತ್ತಿರ ಹೋಗಿ ಇದರಲ್ಲಿ ಲಾಭ ಎಷ್ಟು ಎಂದು ಕೇಳಿದರೆ ನಿಮ್ಮನ್ನೇ ಒಂದು ಥರ ನೋಡ್ತಾರೆ. ಹಾಗೆಂದು ಹೇಳಿ ಕಾರು ಇಟ್ಟುಕೊಂಡರೆ ನನ್ನದೇನೂ ತಕರಾರಿಲ್ಲ. ಶೆಡ್ಡಿನವರು ಮಾತ್ರ ಕೋಣ ತೋರಿಸಿ ಠೇವಣಿ ರಸೀದಿ ಕೊಡುವ ಹಾಗೆ ಮಾತಾಡ್ತಾರೆ. ಮೊನ್ನೆಯದ್ದೂ ಅದೇ: 2025ರಲ್ಲಿ ಫೋಕ್ಸ್‌ವ್ಯಾಗನ್‌ನದ್ದೇ ಗಾಲ್ಫ್ ಜಿಟಿಐ 52.99 ಲಕ್ಷಕ್ಕೆ ಬಂತು, ಮೊದಲ 150 ಕಾರು ಖಾಲಿ, "ಇನ್ನು ನಿಮ್ಮ ಹಳೆಯದಕ್ಕೆ ಬೆಲೆ ನೋಡಿ ಮೇಡಂ!" ಹೊಸ ದೊಡ್ಡ ಕುದುರೆ ಬಂದರೆ ಹಳೆಯದ್ದರ ಬೆಲೆ ಏರ್ತದಾ ಇಳಿತದಾ ಎಂದು ಕೇಳಿದೆ. ಮತ್ತೆ ಫೋನ್ ಬಂತು ಅವರಿಗೆ.

ಪಕ್ಕದ ಸಾಲಿನ ಪಾಲಿಯೊ ಬಗ್ಗೆ ಒಂದು ಮಾತು. ಸಚಿನ್ ತೆಂಡೂಲ್ಕರ್ ಹೆಸರಿನಲ್ಲಿ ಫಿಯಟ್‌ನವರು 500 ಮಾತ್ರ ಮಾಡಿದ ಎಸ್10 ಅದು. ಅದರ ಧಣಿ, ಕಾರ್ಕಳದ ಕಡೆಯವರು, ಪ್ರತಿ ತಿಂಗಳು ಬಂದು ತಾವೇ ಒರೆಸ್ತಾರೆ. ಎಷ್ಟಕ್ಕೆ ಕೊಡ್ತೀರಿ ಎಂದು ಕೇಳಿದೆ, ಹಳೆಯ ಚಾಳಿ. "ಕೇಳಿದವರು ನೀವೇ ಮೊದಲು" ಎಂದು ನಕ್ಕು, ಮಡ್‌ಗಾರ್ಡಿನ ಒಳಬದಿಗೆ ಕೈ ಹಾಕಿ ಒರೆಸುತ್ತಲೇ ಇದ್ದರು.

ಶೆಡ್ಡಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಅರ್ಧ ಇಲಿಗೆ ಕಳೆದದ್ದು, ಒಂದು ರಿಜಿಸ್ಟರಿಗೆ. ಬಾಯಿಮಾತಿಗೆ ಬೇರೆ ಅಂಕ ಇಡುವುದಾದರೆ ಒಂದು. ಕಡಲ ಬದಿಯಲ್ಲಿ ಮನೆ ಇದ್ದು, ಕಾರನ್ನು ಕಾರೆಂದೇ ಪ್ರೀತಿಸುವವರಾದರೆ ಮಳೆಗಾಲದ ಮಟ್ಟಿಗೆ ಬಿಡಿ. ನಾನು ಈ ಸಲ ವರ್ಷದ ಕರಾರು ಮಾಡಿಲ್ಲ, ಜೂನ್‌ನಿಂದ ಅಕ್ಟೋಬರಿಗೆ ಮಾತ್ರ, 38,350 ರೂಪಾಯಿ. ಹನ್ನೊಂದನೇ ಕಲಮಿನಿಂದ "ಪ್ರಾಣಿ" ಎಂಬ ಶಬ್ದ ಹೊಡೆದು ಹಾಕಿಸಿ, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದ್ದೇವೆ. ಉಳಿದ ತಿಂಗಳು ನಮ್ಮ ಪೋರ್ಚಿನಲ್ಲೇ ಇರ್ತದೆ, ವಾರಕ್ಕೊಮ್ಮೆ ಸಿಹಿನೀರಿನ ಸ್ನಾನ. ಮೀಟರ್ ಈಗ 10,944, ಮಗನಿಗೆ ಕಳಿಸುವ ಫೋಟೋ ಸ್ವಲ್ಪ ಹಳೆಯದ್ದು.

ಹೋಗುವವರಿಗೆ: ಭಾನುವಾರ ಮಧ್ಯಾಹ್ನದ ಮೇಲೆ ಯಾರೂ ಇರುವುದಿಲ್ಲ. ಗೇಟಿನ ಎದುರು ಒಂದು ಮೋರಿಯ ಚಪ್ಪಡಿ ಎದ್ದು ನಿಂತಿದೆ, ತಗ್ಗಿನ ಕಾರಾದರೆ ನೇರ ಹತ್ತಿಸಬೇಡಿ, ಅಡಿ ಉಜ್ಜುತ್ತದೆ. ಓರೆಯಾಗಿ, ಎಡಗಡೆಯ ಚಕ್ರ ಮೊದಲು.